ಹಿಂದಿನಿಂದ ಬಂದ ನೀರು

ಗಲಗಲಿಯ ಜೈನರ ಸಾತಪ್ಪನ ಮನೆಯಲ್ಲಿ ಒಲೆಗೆ ಕಟ್ಟಿಗೆ ಇಡುವ ಮುಂಚೆ ಅದನ್ನು ಝಾಡಿಸಿ ಇರುವೆ ಇಳಿಸುವ ರೂಢಿ. ಸಾತಪ್ಪನ ಅಜ್ಜನ ಕಾಲದಿಂದ ಆ ಮನೆಯಲ್ಲಿ ದನಕ್ಕೂ ಯಾರೂ ಜೋರಾಗಿ ಹೊಡೆದಿದ್ದಿಲ್ಲ. ಅಂಥ ಮನೆಯಲ್ಲಿ ಆ ಆಷಾಢದ ಒಂದು ಮುಂಜಾನೆ, ಒಂದು ಕಾಗದದ ಸಲುವಾಗಿ, ಒಬ್ಬರ ಮೈಮೇಲೆ ಒಬ್ಬರು ಬಿದ್ದರು.

ಕಾಗದ ಬಂದದ್ದು ಕರಾವಳಿಯ ಅಳಿವೆಕೇರಿ ಎಂಬ ಸಣ್ಣ ಬಂದರಿನ ಕಚೇರಿಯಿಂದ. ಸಾತಪ್ಪನ ಹಿರಿಮಗ ಅಮೋಲ ಅಲ್ಲಿ ಒಂಬತ್ತು ವರ್ಷ ನೌಕರಿ ಮಾಡಿದ್ದ. ಹೊಳೆ ಕಡಲಿಗೆ ಸೇರುವಲ್ಲಿ ನೆಟ್ಟ ಅಳತೆಯ ಕಂಬ ನೋಡಿ ಭರತಿಯ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆಯುವುದು, ಬಿರುಗಾಳಿಯ ಸುದ್ದಿ ಬಂದರೆ ಬಾವುಟ ಏರಿಸಿ ಮೀನುಗಾರರ ಕೇರಿಗೆ ಹೋಗಿ ಹೇಳುವುದು ಅವನ ಕೆಲಸ. ಹೋದ ದೀಪಾವಳಿ ಅಮಾವಾಸ್ಯೆಗೆ ಕಡಲು ಊರೊಳಗೆ ನುಗ್ಗಿ ಅವನನ್ನೇ ಒಯ್ದಿತ್ತು. ಹೆಂಡತಿ ಪ್ರತಿಮಾ, ಒಂಬತ್ತು ವರ್ಷದ ಮಗಳು ಕಾವೇರಿ ಉಳಿದರು. ತಾಯಿ ಮಗಳು ಬನಹಟ್ಟಿಯ ತವರಿನಲ್ಲಿ ಒಂದು ತಿಂಗಳಿದ್ದು ಗಲಗಲಿಗೆ ಬಂದು ಸೇರಿದ್ದರು. ಈಗ ಕಚೇರಿಯವರು ಬರೆದಿದ್ದರು: ಗಂಡನ ಜಾಗದಲ್ಲಿ ಹೆಂಡತಿಗೆ ಅನುಕಂಪದ ನೌಕರಿ ಇದೆ, ವರ್ಷ ತುಂಬುವುದರೊಳಗೆ ಅರ್ಜಿ ಕೊಡಬೇಕು. ಊರು ಅದೇ, ಕೆಲಸವೂ ಅದೇ.

"ನಾ ಒಲ್ಲೆ" ಅಂದಳು ಪ್ರತಿಮಾ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ಸಹ ನಿಲ್ಲಿಸಲಿಲ್ಲ.

"ಏನ ಒಲ್ಲೆ?" ಮೈದುನ ಶೀತಲ ಫಾರ್ಮು ಹಿಡಿದುಕೊಂಡು ಒಲೆಯ ಹತ್ತಿರವೇ ಕೂತ. ಇಪ್ಪತ್ತೊಂಬತ್ತರ ಗಂಡು, ಹೊಳೆದಂಡೆಯ ಕಬ್ಬಿನ ಹೊಲ ಅವನೊಬ್ಬನ ಹೆಗಲ ಮೇಲಿತ್ತು. "ವೈನಿ, ಸರಕಾರಿ ನೌಕರಿ ಬಾಗಲಕ್ಕ ಬಂದ ನಿಂತೈತಿ. ಎರಡ ವರ್ಷಕ್ಕೊಮ್ಮೆ ಹೊಲಕ್ಕ ಹಿನ್ನೀರ ಹೊಗತೈತಿ. ಮನ್ಯಾಗ ಒಂದ ಪಗಾರ ಬ್ಯಾಡ ಏನ?"

"ಆ ನೀರ ಕಣ್ಣಿಲೆ ನೋಡಂಗಿಲ್ಲ ನಾ. ಬನಹಟ್ಟಿಗೆ ಹೋಗಿ ಅಣ್ಣನ ಮಗ್ಗದ ಮನ್ಯಾಗ ನೂಲ ಸುತ್ತತೇನಿ. ಅಲ್ಲಿಗೆ ಮಾತ್ರ ಹೋಗಂಗಿಲ್ಲ."

"ನಮ್ಮಣ್ಣ ಸತ್ತ ಕೊಟ್ಟ ಹೋದ ನೌಕರಿ ಅದು!"

"ಸತ್ತ ಯಾರಿಗೂ ಏನೂ ಕೊಟ್ಟಿಲ್ಲೋ ಅವರು. ಸತ್ತಾರ, ಅಷ್ಟ."

ಶೀತಲನ ಮುಖ ಕೆಂಪಾಯಿತು. ಪೆನ್ನು ತೆಗೆದು ಅವಳ ಹಿಟ್ಟಿನ ಕೈಯೊಳಗೆ ತುರುಕಿ, ಮುಂಗೈ ಹಿಡಿದು ಫಾರ್ಮಿನ ಮೇಲೆ ಒತ್ತಿದ. "ಸಹಿ ಮಾಡ. ಮುಂದಿಂದ ಮುಂದ ನೋಡೂಣು." ಅವಳು ಕೊಸರಿದಳು. ಅವನು ಬಿಡಲಿಲ್ಲ. ಎಳೆದಾಟದಲ್ಲಿ ಅವಳ ಕೈ ಕಾದ ಹಂಚಿನ ಮೇಲೆ ಬಿತ್ತು. ಚರ್ಮ ಚುರ್ರೆಂದ ಸಪ್ಪಳ ಪಡಸಾಲೆಯವರೆಗೆ ಕೇಳಿಸಿತು.

ಸಾತಪ್ಪ ಎದ್ದು ಬಂದ. ಅರವತ್ತಾರರ ಮುದುಕ, ಮಾತು ಕಡಿಮೆ. ಎಮ್ಮೆ ಕಾಯುವ ಬಡಿಗೆ ಕೈಯಲ್ಲೇ ಇತ್ತು. ಏನೂ ಕೇಳದೆ ಮಗನ ಬೆನ್ನಿಗೆ ಎರಡು ಏಟು ಬಿಟ್ಟ. ಮೂರನೆಯದಕ್ಕೆ ಬಡಿಗೆ ಮುರಿಯಿತು. ಶೀತಲ ಹಂಚು ಒದ್ದು, ರೊಟ್ಟಿ ಬುಟ್ಟಿ ತುಳಿದು, ಬೈಕು ಹತ್ತಿ ಬೀಳಗಿಯ ಕಡೆ ಹೋದ.

ಪ್ರತಿಮಾ ಸುಟ್ಟ ಕೈಯನ್ನು ನೀರಿನ ಕೊಡದಲ್ಲಿ ಅದ್ದಿಕೊಂಡು ನಿಂತಳು. ಅತ್ತೆ ಅನ್ನವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಸೊಸೆಗೆ ಒಂದು ಮಾತೂ ಆಡಲಿಲ್ಲ. ಮೊಮ್ಮಗಳನ್ನು ಕರೆದಳು.

"ಕಾವೇರಿ, ನಿಮ್ಮವ್ವಗ ಹೇಳು. ಕೊಡದಾಗ ಕೈ ಅದ್ದಬಾರದು. ಅದು ಸೋಸಿದ ನೀರು."

ಅನ್ನವ್ವ ಹೀಗೆ ಮಾತಾಡಲು ಹಿಡಿದು ಎಂಟು ತಿಂಗಳಾಗಿತ್ತು. ಅಮೋಲನ ಹೆಣ ಮೂರು ದಿನದ ಮೇಲೆ ಸಿಕ್ಕು, ಅಲ್ಲೇ ಸುಟ್ಟು, ಬೂದಿಯಷ್ಟೇ ಊರಿಗೆ ಬಂದಿತ್ತು. ತಾಯಿ ಮುಖ ನೋಡಲಿಲ್ಲ. ಅಂದಿನಿಂದ ಸೊಸೆಯೊಡನೆ ನೇರ ಮಾತು ಬಂದ್. ಉಪ್ಪು ಬೇಕಾದರೂ ಕಾವೇರಿಯ ಬಾಯಿಂದ, ಎಮ್ಮೆ ಹಿಂಡಲು ಹೇಳುವುದೂ ಕಾವೇರಿಯ ಬಾಯಿಂದ. ಹುಡುಗಿ ಅವ್ವ ಅಜ್ಜಿಯ ನಡುವೆ ಬೆಕ್ಕಿನಂತೆ ಓಡಾಡುತ್ತಿತ್ತು. ಹೊಳೆಯ ಘಾಟಿನ ಕಡೆ ಮಾತ್ರ ಏನು ಮಾಡಿದರೂ ಹೋಗುತ್ತಿರಲಿಲ್ಲ. ತಲೆಯ ಮೇಲೆ ತಂಬಿಗೆ ನೀರು ಸುರಿದರೆ ಕಿರುಚುತ್ತಿತ್ತು. ಪ್ರತಿಮಾ ಹಸಿ ಬಟ್ಟೆಯಿಂದ ಮೈ ಒರೆಸಿ ಸಾಲಿಗೆ ಕಳಿಸುತ್ತಿದ್ದಳು.

ಚಾತುರ್ಮಾಸ ಹಿಡಿಯಿತು. ಅನ್ನವ್ವ ದಿನಕ್ಕೆ ಒಂದೇ ಊಟದ ನೇಮ ಹಿಡಿದಳು. ಮನೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಎಲ್ಲ ಬಂದ್. ಶೀತಲ ಮೂರು ದಿನ ಎಲ್ಲೋ ಇದ್ದು ತಿರುಗಿ ಬಂದ. ವೈನಿಯ ಕೈಗೆ ಕಟ್ಟಿದ ಬಟ್ಟೆ ನೋಡಿ ತಲೆ ತಗ್ಗಿಸಿದ, ಆದರೆ ಫಾರ್ಮಿನ ಮಾತು ಬಿಡಲಿಲ್ಲ. ದಿನಾ ಊಟಕ್ಕೆ ಕೂತಾಗ ಅದೇ.

"ಬೀಳಗ್ಯಾಗ ಕೇಳಕೊಂಡ ಬಂದೆ. ತಾರೀಖ ದಾಟಿದ್ರ ಮತ್ತ ಕೊಡಂಗಿಲ್ಲಂತ."

"ಕೊಡದಿದ್ರ ಬಿಡವಲ್ರ್ಯಾಕ" ಅನ್ನುತ್ತಿದ್ದಳು ಪ್ರತಿಮಾ.

"ಹುಡಗಿ ಸಾಲಿಗೆ ನಾ ಹಾಕಲಿ, ನಿನ್ನ ಸೀರಿಗೆ ನಾ ಹಾಕಲಿ. ನಾ ಮದಿವಿ ಆಗೂದು ಬ್ಯಾಡ, ಹಂಗ ಸಾಯೂದು."

"ನೀ ಮದಿವಿ ಆಗು. ನಾ ಬನಹಟ್ಟಿಗೆ ಹೋಗತೇನಿ."

"ಮುಚ್ಚರಿ ಬಾಯಿ, ಇಬ್ಬರೂ" ಎಂದು ಸಾತಪ್ಪ ಗಂಗಾಳ ದೂಡಿ ಎದ್ದುಬಿಡುತ್ತಿದ್ದ. ಆ ವಾರ ಅವನು ಒಂದು ದಿನವೂ ಹೊಟ್ಟೆ ತುಂಬ ಉಣ್ಣಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದರು. ಕಾವೇರಿ ಮೂಲೆಯಲ್ಲಿ ಲೆಕ್ಕ ಬರೆಯುತ್ತಿತ್ತು. ಅನ್ನವ್ವ ಮೊರದಿಂದ ತಲೆ ಎತ್ತದೆ ಅಂದಳು:

"ಕಾವೇರಿ, ನಿಮ್ಮವ್ವಗ ಕೇಳು. ನನ್ನ ಮಗನ ಕೈ ಹೆಂಗ ಬಿಟ್ಟಿತು? ಊರ ಮಂದಿ ಕೇಳತಾರ. ನನಗೂ ಗೊತ್ತಾಗಲಿ."

ಹುಡುಗಿ ಪೆನ್ಸಿಲ್ ಕೆಳಗಿಟ್ಟಿತು. ಕೇಳಲಿಲ್ಲ. ತಾಯಿಯ ಮುಖ ನೋಡಿತು.

ಪ್ರತಿಮಾ ಮೊರ ಬದಿಗಿಟ್ಟಳು. ಎಂಟು ತಿಂಗಳು ಗಂಟಲಲ್ಲಿ ಇದ್ದದ್ದು ಅದೇ ಮಾತು. ಕೇಳಿದರೆ ಹೇಳಬೇಕು ಎಂದು ಅವಳು ಮೊದಲೇ ಗಟ್ಟಿ ಮಾಡಿಕೊಂಡಿದ್ದಳು.

"ಅಂದ ಅಮಾಸಿ ಅತ್ತಿ. ಅಮಾಸಿ ಭರತಿ ದೊಡ್ಡದು. ಅದರ ಮ್ಯಾಲ ಕಡಲಾಗ ಎಲ್ಲೋ ದೂರ ಬಿರಗಾಳಿ ಹೊಂಟಿತ್ತು. ನೀರ ಏರೂ ಹೊತ್ತು, ಗಾಳಿ ದೂಡೂ ಹೊತ್ತು, ಎರಡೂ ಕೂಡಿದ್ರ ಕಡಲು ತನ್ನ ಜಾಗಾ ಬಿಟ್ಟ ಏಳತೈತಿ ಅಂತ ಇವರು ಹಿಂದಿನ ದಿನಾನ ಅಂದಿದ್ರು. ಮುಂಜಾನೆ ಎದ್ದ ಕೇರಿ ಖಾಲಿ ಮಾಡಸಾಕ ಹೋದ್ರು. ನಾ ಲಾಡು ಕಟ್ಟಾಕತ್ತಿದ್ದೆ. ಕಡಲ ಮುಂದ ಕಲ್ಲಿನ ಗೋಡಿ ಐತಿ. ಊರ ಮಂದಿ ಎಲ್ಲಾ ಅದರ ಮ್ಯಾಲ ನಿಂತ ತೆರಿ ನೋಡಾಕತ್ತಿದ್ರು. ನೀರ ಅಲ್ಲಿಂದ ಬರಲೇ ಇಲ್ಲ. ಹೊಳಿ ಬಾಯಾಗ ಹೊಕ್ಕು, ಹೊಳಿನ್ನ ಹಿಂದಕ್ಕ ದೂಡಕೋಂತ ನಮ್ಮ ಹಿತ್ತಲದಿಂದ ಬಂತು. ಬಚ್ಚಲ ಬಾಗಲಾ ಮುರದ ಬಂತು."

"ನಾ ಕೇಳಿದ್ದ ಅದಲ್ಲ."

"ಹೇಳತೇನಿ ತಡೀರಿ. ಇವರು ಓಡಿ ಬಂದ್ರು. ಎದಿಮಟ ನೀರು. ಇಕಿನ್ನ ನನ್ನ ಕೊರಳಿಗೆ ಹಾಕಿ, ನನ್ನ ಬಲಗೈ ಹಿಡಕೊಂಡ ಮುಂದ ನಡದ್ರು. ಕಂಪೌಂಡ ಗ್ವಾಡಿ ಬಿತ್ತು. ಅವರ ಕಾಲ ಅದರಡಿ ಸಿಕ್ಕವು. ನನ್ನ ಹಿಡಕೊಂಡ ಎಳದ್ರು. ನಾನೂ ಎಳದೆ. ಇಕಿ ಕೊರಳಿಂದ ಜಾರಿದಳು. ಮುಖ ನೀರಾಗ ಹೋತು. ಹಿಡ್ಯಾಕ ನನಗ ಎರಡೂ ಕೈ ಬೇಕಾತು."

"ಕೈ ಹೆಂಗ ಬಿಟ್ಟಿತು ಅಂದ್ನಿ."

"ಅದು ಬಿಡಲಿಲ್ಲ, ಅತ್ತಿ. ನಾ ಬಿಡಿಸಿಕೊಂಡೆ."

ಹಿತ್ತಾಳೆಯ ತಂಬಿಗೆ ಅನ್ನವ್ವನ ಕೈಗೆ ಹೇಗೆ ಬಂತೋ. ಬೀಸಿದ ಏಟಿಗೆ ಪ್ರತಿಮಾಳ ಹುಬ್ಬು ಒಡೆಯಿತು. ಎರಡನೆಯದು ಕಿವಿಯ ಮೇಲೆ. "ಬಿಡಿಸಿಕೊಂಡಿ? ನನ್ನ ಮಗನ ಕೈಯಾಗಿಂದ ಬಿಡಿಸಿಕೊಂಡಿ?" ಎಂದು ಮುದುಕಿ ಮತ್ತೆ ಎತ್ತಿದಳು. ಪ್ರತಿಮಾ ಕೈ ಅಡ್ಡ ಹಿಡಿಯಲಿಲ್ಲ. ಅಡ್ಡ ಬಂದದ್ದು ಕಾವೇರಿ. ಹಾರಿಬಂದು ಅಜ್ಜಿಯ ಮುಂಗೈಗೆ ಹಲ್ಲು ಹಾಕಿತು. ರಕ್ತ ಬರುವವರೆಗೆ ಬಿಡಲಿಲ್ಲ. ತಂಬಿಗೆ ಉರುಳಿ ಅಕ್ಕಿಯೊಳಗೆ ಬಿತ್ತು. ಮೂವರೂ ಏದುತ್ತ ಕೂತರು. ಅಕ್ಕಿಯ ಮೇಲೆ ರಕ್ತದ ಹನಿ ಬಿದ್ದಿದ್ದವು. ಆ ಅಕ್ಕಿಯನ್ನು ಯಾರು ಚೆಲ್ಲಬೇಕೆಂದು ಯಾರೂ ಹೇಳಲಿಲ್ಲ. ಸಂಜೆಯವರೆಗೆ ಹಾಗೇ ಇತ್ತು.

ಶ್ರಾವಣದ ಎರಡನೆಯ ವಾರ ಹೊಳೆ ಏರತೊಡಗಿತು. ಗಲಗಲಿಯಲ್ಲಿ ಬಿಸಿಲು. ಎಂಟು ದಿನದಿಂದ ಒಂದು ಹನಿ ಬಿದ್ದಿರಲಿಲ್ಲ. ಮಳೆ ಸುರಿಯುತ್ತಿದ್ದದ್ದು ಮೇಲೆ, ಮಹಾರಾಷ್ಟ್ರದ ಘಟ್ಟದಲ್ಲಿ. ಆ ನೀರು ಎಲ್ಲ ಕೃಷ್ಣೆಯಲ್ಲಿ ಇಳಿದು ಬರುತ್ತಿತ್ತು. ಗಂಡಸರಿಗೆ ಘಾಟಿನ ಮೇಲೆ ನಿಂತು ಮೆಟ್ಟಿಲು ಎಣಿಸುವುದೇ ಕೆಲಸ.

"ಹನ್ನೊಂದ ಮೆಟ್ಟಲ ಉಳದಾವು" ಎಂದು ಬಂದು ಹೇಳಿದ ಸಾತಪ್ಪ. "ಹೋದ ಸಲ ಏಳರ ಮಟಾ ಬಂದ ನಿಂತಿತ್ತು. ಚಿಂತಿ ಇಲ್ಲ."

ಮರುದಿನ ಮುಂಜಾನೆ ಪ್ರತಿಮಾ ಸಗಣಿ ಬುಟ್ಟಿ ಹೊತ್ತು ಹಿತ್ತಲ ಆಚೆಯ ಹಳ್ಳದ ಕಡೆ ಹೋದಳು. ಊರ ಹಿಂದೆ ಹರಿದು ಹೊಳೆಗೆ ಸೇರುವ ಸಣ್ಣ ಹಳ್ಳ ಅದು. ಬೀಳಗಿಗೆ ಹೋಗುವ ದಾರಿ ಅದರ ಮೇಲಿನ ತಗ್ಗು ಸೇತುವೆ ದಾಟಿಯೇ ಹೋಗಬೇಕು. ಹಳ್ಳದ ನೀರಿನ ಮೇಲೆ ಕಬ್ಬಿನ ಒಣ ಎಲೆ, ರವದಿ, ತೇಲುತ್ತಿತ್ತು. ಅವಳು ನೋಡುತ್ತ ನಿಂತಳು. ರವದಿ ಹೊಳೆಯ ಕಡೆ ಹೋಗುತ್ತಿರಲಿಲ್ಲ. ಹೊಳೆಯ ಕಡೆಯಿಂದ ಮೇಲಕ್ಕೆ ಬರುತ್ತಿತ್ತು.

ಬುಟ್ಟಿ ಅಲ್ಲೇ ಒಗೆದು ಓಡಿಬಂದಳು.

"ಮಾವಾರ, ಮನಿ ಬಿಡೂಣ್ರಿ. ಈಗಿಂದೀಗ. ಹಳ್ಳ ಹಿಂದಕ್ಕ ಹರಿಯಾಕತ್ತೈತಿ. ನೀವು ಘಾಟ ನೋಡಕೋಂತ ಕುಂತೀರಿ, ಅದು ಹಿಂದಿನಿಂದ ಬರಾಕತ್ತೈತಿ."

ಶೀತಲ ಹೊಲದ ಪಂಪ್‌ಸೆಟ್ ಬಿಚ್ಚಿ ತರಲು ಟ್ರ್ಯಾಕ್ಟರಿಗೆ ಟ್ರೇಲರ್ ಹೂಡುತ್ತಿದ್ದ. "ವೈನಿ, ಇದು ನಿಮ್ಮ ಕಡಲಲ್ಲ. ಇಲ್ಲಿ ನೀರ ಬರಾಕ ಎರಡ ದಿನಾ ಹಿಡೀತೈತಿ. ಮದಲ ಮೋಟಾರ ತರತೇನಿ."

"ಮೋಟಾರ ಹೋದ್ರ ಹೋಗಲಿ. ಮದಲ ಮಂದಿ."

"ಹೋದ್ರ ಹೋಗಲಿ? ನೀ ತಂದ ಕೊಡತಿ? ಒಂದ ಸಹಿ ಮಾಡಾಕ ಆಗಲಿಲ್ಲ ನಿನಗ!"

ಪ್ರತಿಮಾ ಮುಂದೆ ಹೋಗಿ ಟ್ರ್ಯಾಕ್ಟರಿನ ಕೀಲಿ ಕಿತ್ತುಕೊಂಡಳು. ಅವನು ರಟ್ಟೆ ಹಿಡಿದು ತಿರುವಿದ. ಅವಳು ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಗೋಡೆಗೆ ಸಿಗಿಸಿದ್ದ ಕುಡಗೋಲು ಎಳೆದು ಅವನ ಎದೆಗೆ ನೇರ ಹಿಡಿದಳು. 

"ನಿಮ್ಮಣ್ಣನ್ನ ಬಿಟ್ಟಾಕಿ ನಾ. ನಿನ್ನ ಕಡ್ಯಾಕ ಹೆದರಂಗಿಲ್ಲ. ಎಮ್ಮಿ ಬಿಚ್ಚು. ಹುಡಗಿನ್ನ ಏರಸು."

ಶೀತಲ ಹಿಂದೆ ಸರಿದ. ಅವನು ಹೆದರಿದ್ದು ಕುಡಗೋಲಿಗೋ ಆ ಮುಖಕ್ಕೋ ಹೇಳಲಾಗದು. ಅಷ್ಟರಲ್ಲಿ ಹಳ್ಳ ನೋಡಲು ಹೋಗಿದ್ದ ಸಾತಪ್ಪ ಧೋತರ ತೊಯ್ಸಿಕೊಂಡು ಬಂದ.

"ಸೇತುವಿ ಮ್ಯಾಲ ಮೊಳಕಾಲಮಟಾ ನೀರ ಐತಿ. ಶೀತಲಾ, ಆಕಿ ಹೇಳಿದಂಗ ಮಾಡು."

ಎರಡು ಎಮ್ಮೆ, ಒಂದು ಕರು, ಜೋಳದ ಚೀಲ, ಹಾಸಿಗೆ, ಕಾವೇರಿ. ಅಕ್ಕಪಕ್ಕದವರೂ ನೋಡಿ ಗಂಟು ಕಟ್ಟತೊಡಗಿದರು. ಟ್ರೇಲರ್ ತುಂಬಿದ ಮೇಲೆ ಎಣಿಸಿದರೆ ಅನ್ನವ್ವ ಇಲ್ಲ. ದೇವರ ಖೋಲಿಯ ಬಾಗಿಲು ಒಳಗಿನಿಂದ ಹಾಕಿತ್ತು.

"ನನ್ನ ಮಗನ್ನ ಒಯ್ದ ನೀರು, ನನ್ನೂ ಒಯ್ಯಲಿ" ಎಂದಳು ಅನ್ನವ್ವ ಒಳಗಿನಿಂದ. ದನಿ ಶಾಂತವಾಗಿತ್ತು. "ಅನ್ನ ನೀರ ಬಿಟ್ಟೇನಿ ಅಂತ ತಿಳಕೊಳ್ರಿ. ನೀವು ನಡೀರಿ."

ಸಾತಪ್ಪ ಕರೆದ, ಬೇಡಿದ, ಅತ್ತ. ಶೀತಲ ಬಾಗಿಲಿಗೆ ಹಣೆ ಹಚ್ಚಿ "ಯವ್ವಾ, ನಿನ್ನ ಕಾಲ ಬೀಳತೇನಿ ಬಾರಬೇ" ಅಂದ. ಹಿತ್ತಲ ಬಾಗಿಲಿನಿಂದ ತೆಳ್ಳಗೆ ನೀರು ಒಳಗೆ ಹರಿದುಬಂದು ಅಡುಗೆಮನೆಯ ನೆಲ ಕಪ್ಪಾಯಿತು. ಇಬ್ಬರು ಗಂಡಸರು ಬಾಗಿಲ ಮುಂದೆ ಕೈ ಮುಗಿದುಕೊಂಡು ನಿಂತದ್ದನ್ನು ಪ್ರತಿಮಾ ಒಮ್ಮೆ ನೋಡಿದಳು. ಕೊಡಲಿ ತಂದಳು.

ಹಳೆಯ ಸಾಗುವಾನಿ ಬಾಗಿಲು. ಆರನೆಯ ಏಟಿಗೆ ಚಿಲಕ ಹಾರಿತು. ಅನ್ನವ್ವ ಒಳಗಿನ ಕಂಬವನ್ನು ಎರಡೂ ಕೈಯಿಂದ ತಬ್ಬಿ ಕೂತಿದ್ದಳು. ಪ್ರತಿಮಾ ಮಾತಿಗೆ ನಿಲ್ಲಲಿಲ್ಲ. ಕೆನ್ನೆಗೆ ಒಂದು ಕೊಟ್ಟಳು. ಇನ್ನೊಂದು ಕೆನ್ನೆಗೆ ಒಂದು. ಮುದುಕಿ ಬೆರಳು ಸಡಿಲಿಸಲಿಲ್ಲ. ಕೊಡಲಿಯ ಕಾವು ತಿರುಗಿಸಿ ಬೆರಳುಗಳ ಮೇಲೆ ಹೊಡೆದಳು. ಒಂದು ಬೆರಳು ಮುರಿದ ಸಪ್ಪಳ ಅವಳ ಕಿವಿಗೇ ಕೇಳಿತು. ಅನ್ನವ್ವ ಚೀರಿದಳು. ಕಂಬದಿಂದ ಕೈ ಬಿಟ್ಟಿತು. ತುರುಬು ಹಿಡಿದು, ಸೀರೆಯ ಸೆರಗು ಮುಷ್ಟಿಗೆ ಸುತ್ತಿ, ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ ಎಳೆದು ತಂದಳು. ಓಣಿಯವರೆಲ್ಲ ಗಂಟು ಹೊತ್ತವರು ನಿಂತು ನೋಡಿದರು. "ಅಯ್ಯಯ್ಯ, ಅತ್ತಿನ್ನ ಹೆಂಗ ಎಳಿಯಾಕತ್ತಾಳ ನೋಡ" ಎಂದಿತು ಒಂದು ದನಿ. ಯಾರೂ ಬಿಡಿಸಲು ಬರಲಿಲ್ಲ. ಎತ್ತಲೂ ಬರಲಿಲ್ಲ.

ಸೇತುವೆಗೆ ಬಂದಾಗ ನೀರು ಟ್ರೇಲರಿನ ಹಲಗೆಗೆ ಬಡಿಯುತ್ತಿತ್ತು. ಕಟ್ಟೆಗಲ್ಲು ಒಂದೂ ಕಾಣುತ್ತಿರಲಿಲ್ಲ. ಶೀತಲ ಹಲ್ಲು ಕಚ್ಚಿ ಟ್ರ್ಯಾಕ್ಟರ್ ಬಿಟ್ಟ. ನಡುವೆ ಹಿಂದಿನ ಗಾಲಿ ಜಾರಿತು. ಟ್ರೇಲರ್ ಒಂದು ಮಗ್ಗುಲಿಗೆ ವಾಲಿ ಕರು ಜಾರಿ ನೀರಿಗೆ ಬಿತ್ತು. ಒಮ್ಮೆ ಮೂತಿ ಎತ್ತಿ ಕೂಗಿತು. ಮತ್ತೆ ಕಾಣಲಿಲ್ಲ. ಎಮ್ಮೆ ಹಗ್ಗ ಹರಿಯಲು ಎದ್ದು ನಿಂತಿತು. ಸಾತಪ್ಪ ಅದರ ಕೊರಳಿಗೆ ಜೋತುಬಿದ್ದ. ಕಾವೇರಿ ಕಿರುಚುತ್ತಿತ್ತು, ಒಂದೇ ಸಮನೆ, ಉಸಿರು ತೆಗೆಯದೆ. ಪ್ರತಿಮಾ ಒಂದು ಕಾಲಿನಿಂದ ಮಗಳನ್ನು ಜೋಳದ ಚೀಲಕ್ಕೆ ಒತ್ತಿ ಹಿಡಿದು, ಎರಡೂ ಕೈಯಿಂದ ಅತ್ತೆಯ ಮೇಲೆ ಬಿದ್ದು ಹಲಗೆಗೆ ಅದುಮಿದಳು. ಟ್ರ್ಯಾಕ್ಟರ್ ಒದರಿತು, ನಿಂತಿತು, ಮತ್ತೆ ಒದರಿ ಎಳೆಯಿತು. ಆಚೆ ದಂಡೆಯ ಕೆಸರು ಹಿಡಿಯಿತು. ಅವರ ಹಿಂದೆ ಎರಡು ಗಾಡಿ ದಾಟಿದವು. ಆಮೇಲೆ ದಾಟಲು ದಾರಿ ಉಳಿಯಲಿಲ್ಲ. ಹಿಂದುಳಿದವರನ್ನು ಸಂಜೆ ದೋಣಿಯಲ್ಲಿ ತಂದರು.

ಬೀಳಗಿಯ ಒಂದು ಸಾಲಿಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು. ಒಂದು ಕ್ಲಾಸಿಗೆ ಆರು ಮನೆಯವರು. ಡಾಕ್ಟರು ಅನ್ನವ್ವನ ಬೆರಳಿಗೆ ಪಟ್ಟಿ ಕಟ್ಟಿ "ಏನ ಆತಬೇ?" ಎಂದು ಕೇಳಿದಾಗ ಅವಳು ಬಾಯಿ ಬಿಡಲಿಲ್ಲ. ಬಾಯಿ ಬಿಡಲು ಓಣಿಯವರಿದ್ದರು. ಅಂದು ಸಂಜೆಯೊಳಗೆ ಸಾಲಿಯ ತುಂಬ ಸುದ್ದಿ: ಸೊಸೆ ಅತ್ತೆಗೆ ಕೊಡಲಿ ತಗೊಂಡು ಬಡಿದಳು.

ಕೇಂದ್ರದ ಅಡುಗೆಯಲ್ಲಿ ಉಳ್ಳಾಗಡ್ಡಿ ಇತ್ತು. ಅನ್ನವ್ವ ಮುಟ್ಟಲಿಲ್ಲ. ಪ್ರತಿಮಾ ಸಾಲಿಯ ಹಿಂದೆ ಮೂರು ಕಲ್ಲು ಹೂಡಿ, ಸೆರಗಿನಲ್ಲಿ ಸೋಸಿ ನೀರು ಕಾಸಿದಳು, ಜೋಳದ ಹಿಟ್ಟು ಎಲ್ಲಿಂದಲೋ ತಂದು ಗಂಜಿ ಮಾಡಿದಳು. ಅನ್ನವ್ವ ಅದನ್ನೂ ಮುಟ್ಟಲಿಲ್ಲ. ಕಾವೇರಿ ಕೊಟ್ಟರೆ ಎರಡು ಗುಟುಕು ನೀರು, ಅಷ್ಟೇ. ಹೀಗೆ ಮೂರು ದಿನ.

"ತಪ್ಪ ಆತು ಅಂತ ಹೇಳವಾ" ಎಂದ ಸಾತಪ್ಪ ಸೊಸೆಗೆ. "ಒಂದ ಮಾತ. ಆಕಿ ಉಣ್ಣತಾಳ."

"ಅನ್ನಂಗಿಲ್ಲ ಮಾವಾರ. ಸುಳ್ಳ ಆಗತೈತಿ. ನಾಳಿ ನೀರ ಬಂದ್ರ ಮತ್ತ ಹಂಗ ಬಡೀತೇನಿ."

"ಮಂದಿ ಏನಂತಾರ..."

"ಅಂದ ಎಲ್ಲಾರೂ ಗಂಟ ಹೊತ್ತ ನಿಂತಿದ್ರು. ಮಂದಿ ಸುದ್ದಿ ಹೇಳಬ್ಯಾಡ್ರಿ ನನಗ."

ಆ ಹೊತ್ತಿಗೇ ಓಣಿಯ ಪರಮಾನಂದ ಬಂದ. ಹಿರಿಯ, ಎಲ್ಲರ ಮನೆಯ ಪಂಚಾಯ್ತಿಗೂ ಮುಂದಿರುವವನು. ನಾಲ್ಕು ಜನರ ಮುಂದೆ ದನಿ ಎತ್ತಿ "ಸಾತಪ್ಪಾ, ಇರಿವಿ ಕೊಲ್ಲದ ಮನಿ ನಿಂದು. ಇಂಥಾಕಿನ್ನ ಮನ್ಯಾಗ ಹೆಂಗ ಇಟಗೋತಿ? ಗಂಡನ್ನ ತಿಂದಳು, ಅತ್ತಿ ಕೈ ಮುರದಳು" ಎಂದ.

ಶೀತಲ ಕಿಟಕಿಯ ಹತ್ತಿರ ಕೂತಿದ್ದ. ಪಂಪ್‌ಸೆಟ್ ಹೋಗಿತ್ತು. ಮನೆಯ ಹಿಂದಿನ ಗೋಡೆ ಬಿದ್ದು ಮಣ್ಣಿನ ಮಾಳಿಗೆ ಕುಸಿದದ್ದನ್ನು ದೋಣಿಯವರು ಮೊಬೈಲಿನಲ್ಲಿ ತೋರಿಸಿದ್ದರು. ದೇವರ ಖೋಲಿಯ ಜಾಗದಲ್ಲಿ ಮಣ್ಣಿನ ಗುಡ್ಡೆ ಇತ್ತು. ಎದ್ದವನೇ ಪರಮಾನಂದನ ಅಂಗಿ ಹಿಡಿದು ಕಪ್ಪು ಹಲಗೆಗೆ ಒತ್ತಿದ.

"ನಮ್ಮವ್ವನ ಮುಂದ ಕೈ ಮುಗದ ಅತ್ತಾಂವ ನಾನು. ನಾ ಅತ್ತಿದ್ದಕ್ಕ ಆಕಿ ಉಳದಿಲ್ಲ. ಇನ್ನೊಮ್ಮೆ ನಮ್ಮ ವೈನಿ ಸುದ್ದಿ ತಗದ್ರ ಹಲ್ಲ ಉದರಸತೇನಿ, ತಿಳೀತ?"

ನಾಲ್ಕು ಜನ ಸೇರಿ ಬಿಡಿಸಿದರು. ಅನ್ನವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಲ್ಲ ಕೇಳಿಸಿತ್ತು.

ನಾಲ್ಕನೆಯ ದಿನ ಮುಂಜಾನೆ ಪ್ರತಿಮಾ ಮೂರು ಕಲ್ಲಿನ ಒಲೆ ಊದುತ್ತಿದ್ದಾಗ ಬೆನ್ನ ಹಿಂದೆ ಯಾರೋ ಬಂದು ಕೂತ ಹಾಗಾಯಿತು. ತಿರುಗಿದಳು. ಅತ್ತೆ. ಜೊತೆಗೆ ಕಾವೇರಿ ಇರಲಿಲ್ಲ.

"ನೀ ಕೈ ಬಿಡಿಸಿಕೊಂಡಾಗ" ಅಂದಳು ಅನ್ನವ್ವ, ಒಂಬತ್ತು ತಿಂಗಳ ಮೇಲೆ ನೇರ ಅವಳಿಗೇ, "ಅಂವ ಏನರ ಅಂದನೇನ?"

ಪ್ರತಿಮಾಳಿಗೆ ಒಂದು ಸುಳ್ಳು ಬಾಯಿಗೆ ಬಂತು. ಒಳ್ಳೆಯ ಸುಳ್ಳು. ಮುದುಕಿಗೆ ಜೀವಮಾನ ಸಾಕಾಗುವಂಥದು. ನುಂಗಿದಳು.

"ನೀರಿನ ಸಪ್ಪಳಕ್ಕ ಏನೂ ಕೇಳಲಿಲ್ಲ ಅತ್ತಿ. ಬಾಯಿ ಅಲ್ಲಾಡಿತು. ನನ್ನ ಬೈದ್ರೋ, ಹೋಗ ಅಂದ್ರೋ ಗೊತ್ತಿಲ್ಲ. ದಿನಾ ಅದನ್ನ ನೋಡತೇನಿ. ಗೊತ್ತಾಗೂದಿಲ್ಲ."

ಅನ್ನವ್ವ ಒಂದು ಕಟ್ಟಿಗೆ ಝಾಡಿಸಿ ಒಲೆಗಿಟ್ಟಳು. ಆಮೇಲೆ ಪಟ್ಟಿ ಕಟ್ಟಿದ ಕೈ ಮುಂದೆ ಚಾಚಿದಳು. "ಗಂಜಿ ತಾ. ಉಪ್ಪ ಹಾಕಿಯೇನು?"

ಹನ್ನೆರಡು ದಿನಕ್ಕೆ ನೀರು ಇಳಿಯಿತು. ಊರಿಗೆ ಹೋಗಿ ನೋಡಿದರೆ ಕಬ್ಬು ಕೊಳೆತು ನಾರುತ್ತಿತ್ತು, ಓಣಿಯಲ್ಲಿ ಮೊಳಕಾಲುದ್ದ ಕೆಸರು. ಸಾತಪ್ಪ ಶೀತಲ ಇಬ್ಬರೂ ಎತ್ತರದ ಜಾಗದಲ್ಲಿ ತಗಡಿನ ಶೆಡ್ಡು ಹೂಡಿದರು. ಬನಹಟ್ಟಿಯಿಂದ ಪ್ರತಿಮಾಳ ಅಣ್ಣ ಮುತ್ತಪ್ಪ ಬಂದ. "ನಡಿ ತಂಗಿ, ಮಗ್ಗದ ಮನಿ ಐತಿ, ನಾವ ಅದೇವಿ. ನೀರಿನ ಊರ ಸಾಕು" ಅಂದ.

ಪ್ರತಿಮಾ ಕೆಸರು ತೊಳೆದ ಗಂಗಾಳದಲ್ಲಿ ಎಲ್ಲರಿಗೂ ಬಡಿಸಿದಳು. ಅವಲಕ್ಕಿ, ಮೊಸರು. ಬಡಿಸಿ ಮುಗಿಸಿ ಅಂದಳು:

"ಶೀತಲಾ, ಆ ಫಾರ್ಮ ಎಲ್ಲೈತಿ?"

"ಮನ್ಯಾಗ ಇತ್ತು. ಹೋತು." ಅವನು ತುತ್ತು ಕೈಯಲ್ಲೇ ಹಿಡಿದುಕೊಂಡು ಅವಳನ್ನು ನೋಡಿದ. "ವೈನಿ, ನಾ ಏನೂ ಅನ್ನಂಗಿಲ್ಲ. ನೀ ಒಲ್ಲೆ ಅಂದ್ರ ಒಲ್ಲೆ. ನಿನ್ನ ಕೈ ಸುಟ್ಟ ದಿನಾನ ನಾ ಆ ಮಾತ ಬಿಡಬೇಕಿತ್ತು."

"ಹೊಸಾದು ತಗೊಂಡ ಬಾ. ಬರೀತೇನಿ."

ಮುತ್ತಪ್ಪ ಎದ್ದು ನಿಂತ. "ತಲಿ ಕೆಟ್ಟೈತೇನ ನಿನಗ? ಆ ಕಡಲಿಗೆ?"

"ಇಲ್ಲಿ ನಾ ಹಳ್ಳ ನೋಡಿ ಬಂದ ಹೇಳಿದ್ರ ಕೇಳಾವ್ರ ಇರಲಿಲ್ಲ ಅಣ್ಣಾ. ಕುಡಗೋಲ ಹಿಡೀಬೇಕಾತು. ಅಲ್ಲಿ ಹೇಳೂದ ನನ್ನ ಕೆಲಸ ಆಗಿರತೈತಿ. ನಾ ಹೇಳಿದ್ರ ಕೇರಿ ಏಳತೈತಿ." ಅವಳು ಅಣ್ಣನ ಗಂಗಾಳಕ್ಕೆ ಮೊಸರು ಹಾಕಿದಳು. "ಹೆದರಿಕಿ ಐತಿ. ಹೋಗತೇನಿ."

"ಪೋರಿನ್ನ ಯಾರ ನೋಡತಾರ?" ಎಂದ ಅಣ್ಣ.

"ನಾ ನೋಡತೇನಿ" ಅಂದಳು ಅನ್ನವ್ವ. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಒಂದು ಅವಲಕ್ಕಿಯನ್ನೂ ಬಿಡದೆ ಗಂಗಾಳ ಬಳಿಯುತ್ತಿದ್ದಳು. "ಆದ್ರ ಮನಿ ದಿನ್ನಿ ಮ್ಯಾಲ ಹಿಡೀಬೇಕು. ತಗ್ಗಿನಾಗ ಹಿಡದ್ರ ನಾ ಒಂದ ರಾತ್ರಿ ಇರಂಗಿಲ್ಲ."

ಸಾತಪ್ಪ ಹೆಂಡತಿಯನ್ನು ನೋಡಿದ. "ಮತ್ತ ನಮಗ ರೊಟ್ಟಿ?"

"ಎರಡ ಕೈ ಅದಾವಲ್ಲ ಇಬ್ಬರಿಗೂ. ಬಡೀರಿ."

ನೌಕರಿಯ ಆದೇಶ ಬಂದದ್ದು ನವರಾತ್ರಿಗೆ ಎರಡು ದಿನ ಮುಂಚೆ. ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಹುಬ್ಬಳ್ಳಿಯ ಮೇಲೆ ಹಾದು, ಘಟ್ಟ ಇಳಿದು ಅಳಿವೆಕೇರಿಗೆ ಬಂದರು. ಗುಡ್ಡದ ಮೇಲೆ ಎರಡು ಖೋಲಿಯ ಮನೆ ಸಿಕ್ಕಿತ್ತು. ಗಂಟು ಬಿಚ್ಚುವ ಮುಂಚೆಯೇ ಅನ್ನವ್ವ "ತೋರಸು" ಅಂದಳು. ಕಾವೇರಿ ಬರಲಿಲ್ಲ. ಮನೆಯ ಮಾಲಕನ ಮಕ್ಕಳ ಜೊತೆ ಉಳಿಯಿತು.

ಪ್ರತಿಮಾ ಮೊದಲು ಹಳೆಯ ಕ್ವಾರ್ಟರ್ಸಿನ ಜಾಗ ತೋರಿಸಿದಳು. ಕಂಪೌಂಡು ಹೊಸದಾಗಿ ಕಟ್ಟಿದ್ದರು, ಸುಣ್ಣ ಇನ್ನೂ ಬೆಳ್ಳಗಿತ್ತು. ಅವಳ ಕಾಲು ಅಲ್ಲಿ ತಾನಾಗಿಯೇ ನಿಂತಿತು.  ಬೇಲಿಗೆ ಬಗ್ಗಿ ವಾಂತಿ ಮಾಡಿಕೊಂಡಳು. ಅನ್ನವ್ವ ಬೆನ್ನು ಸವರಲಿಲ್ಲ. ಬಾಯಿ ಒರೆಸಿಕೊಳ್ಳಲು ಸೆರಗು ಕೊಟ್ಟಳು. ಆಮೇಲೆ ಮರಳಿನ ಕಡೆ ತಾನೇ ಮುಂದಾಗಿ ನಡೆದಳು.

ಕಡಲು ಅಂದು ಸುಮ್ಮನಿತ್ತು. ಇಳಿತದ ಹೊತ್ತು. ಬಿಸಿಲು. ಅನ್ನವ್ವ ಹುಟ್ಟಿದ ಮೇಲೆ ಮೊದಲ ಸಲ ಅದನ್ನು ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಬಗ್ಗಿ ಒಂದು ಕಲ್ಲು ಎತ್ತಿದಳು.

"ಹಾಟ್ಯಾನ ನೀರ!" ಎಂದು ಒಗೆದಳು. "ನನ್ನ ಮಗನ್ನ ತಿಂದಿ! ನಿನ್ನ ಹೊಟ್ಟಿ ಒಡೀಲಿ! ನಿನ್ನ ವಂಶ ಹಾಳಾಗಲಿ!" ಕಲ್ಲಿನ ಮೇಲೆ ಕಲ್ಲು. ಸಿಕ್ಕದ್ದೆಲ್ಲ. ಚಿಪ್ಪು, ಮುರಿದ ಹಲಗೆ, ಮುಷ್ಟಿ ಮುಷ್ಟಿ ಮರಳು. ನೆಟ್ಟಗಾಗದ ಬೆರಳು ಅಡ್ಡ ಬಂದಾಗ ಎಡಗೈಯಿಂದ ಒಗೆದಳು. ನೀರೊಳಗೆ ಇಳಿದು ಕಾಲಿಂದ ಒದ್ದಳು. ಸೀರೆ ತೊಯ್ದು ಮೈಗೆ ಅಂಟಿತು, ತುರುಬು ಬಿಚ್ಚಿತು. ಬಲೆ ಹೊಲಿಯುತ್ತಿದ್ದ ಮೀನುಗಾರರ ಹೆಂಗಸರು ಎದ್ದು ನಿಂತು ನೋಡಿದರು. ಗಲಗಲಿಯ ಬೈಗುಳ ಅವರಿಗೆ ತಿಳಿಯಲಿಲ್ಲ. ಏನೆಂದು ಮಾತ್ರ ತಿಳಿಯಿತು. ಯಾರೂ ನಗಲಿಲ್ಲ. ಪ್ರತಿಮಾ ತಡೆಯಲಿಲ್ಲ. ನೀರು ಮುದುಕಿಯ ನಡು ದಾಟದಂತೆ ನೋಡುತ್ತ, ಎರಡು ಮಾರು ಹಿಂದೆ ನಿಂತಿದ್ದಳು.

ಉಸಿರು ಮುಗಿದ ಮೇಲೆ ಅನ್ನವ್ವ ಹಿಂದೆ ಸರಿದು ಹಸಿ ಮರಳಿನ ಮೇಲೆ ಕೂತಳು. ಪ್ರತಿಮಾಳೂ ಕೂತಳು. 

"ನಾ ನಮ್ಮ ಹೊಳಿಯಷ್ಟ ಇರತೈತಿ ಅಂತ ತಿಳಕೊಂಡಿದ್ದೆ" ಅಂದಳು ಅನ್ನವ್ವ ಕೊನೆಗೆ. ದನಿ ಒಡೆದು ಹೋಗಿತ್ತು. "ಆಚಿ ದಂಡಿ ಕಾಣತೈತಿ ಅಂತ ತಿಳಕೊಂಡಿದ್ದೆ. ಇಷ್ಟ ದಿನಾ ಅದ ಲೆಕ್ಕದಾಗ ನಿನ್ನ ಬೈದೆ. ಇದರ ಮುಂದ ಯಾರ ಕೈ ಯಾರ ಹಿಡದಾರ ತಂಗಿ."

ಪ್ರತಿಮಾ ಮೊಳಕಾಲಿಗೆ ಮುಖ ಹಚ್ಚಿದಳು. ಅಮೋಲ ಹೋದ ದಿನದಿಂದ ಅವಳು ದನಿ ತೆಗೆದು ಅತ್ತಿದ್ದಿಲ್ಲ. ಈಗ ಬಂತು, ವಾಂತಿ ಬಂದ ಹಾಗೇ, ಹೊಟ್ಟೆಯ ಒಳಗಿನಿಂದ ಕಿತ್ತುಕೊಂಡು. ಅನ್ನವ್ವ ಸುಮ್ಮನೆ ಬಿಟ್ಟಳು. ಪೂರ್ತಿ ಅಳುವವರೆಗೆ ಕಡಲಿನ ಕಡೆಗೇ ಕಣ್ಣು ನೆಟ್ಟು ಕೂತಳು, ಕಾವಲು ಕೂತವರಂತೆ.

"ಆತೇನ?" ಅಂದಳು ಆಮೇಲೆ. "ಏಳಸ ನನ್ನ. ಮೊಳಕಾಲ ಹಿಡದಾವು."